ಹನ್ನೆರಡನೇ ಆಟಗಾರನ ಎದುರು ಬದಿಯಲ್ಲಿದ್ದ ಕೋಚ್

ಮಾನ್ಯ ಸಂಪಾದಕರೇ,

ಹೋದ ಭಾನುವಾರ ತಮ್ಮ ಕ್ರೀಡಾ ಪುಟದಲ್ಲಿ ಅಮೆರಿಕದ ಟೆಕ್ಸಸ್ ಎ ಆ್ಯಂಡ್ ಎಂ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ‘ಹನ್ನೆರಡನೇ ಆಟಗಾರ’ನ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಒಂದು ತಿದ್ದುಪಡಿ ಇದೆ. ಜೊತೆಗೆ ಒಂದು ತಕರಾರೂ ಇದೆ.

ತಿದ್ದುಪಡಿ ಮೊದಲು ಹೇಳಿಬಿಡುತ್ತೇನೆ. ಆ ‘ಹನ್ನೆರಡನೇ ಆಟಗಾರ’, ಅಂದರೆ ಕಿಂಗ್ ಗಿಲ್ ಅನ್ನುವ ಹುಡುಗ, ಮೈದಾನಕ್ಕೆ ಇಳಿದು ಪಂದ್ಯ ಗೆಲ್ಲಿಸಿದ ಅಂತ ತಮ್ಮಲ್ಲಿ ಅಚ್ಚಾಗಿದೆ. ಅವನು ಆಡಲೇ ಇಲ್ಲ. 1922ರ ಜನವರಿ 2, ಡಲ್ಲಾಸ್ ಊರು. ಎ ಆ್ಯಂಡ್ ಎಂ ತಂಡದಲ್ಲಿ ಒಬ್ಬರಾದ ಮೇಲೊಬ್ಬರು ಗಾಯಗೊಂಡು ಹೊರಗೆ ಬರುತ್ತಿದ್ದರು. ಬದಲಿಗೆ ಇಳಿಸಲು ಹುಡುಗರೇ ಇಲ್ಲ ಎನ್ನುವ ಸ್ಥಿತಿ. ಗಿಲ್ ಆಗಲೇ ಫುಟ್‌ಬಾಲ್ ಬಿಟ್ಟು ಬಾಸ್ಕೆಟ್‌ಬಾಲ್ ಕಡೆ ಹೋಗಿದ್ದ. ಆ ದಿನ ಪತ್ರಕರ್ತರು ಕೂರುವ ಜಾಗದಲ್ಲಿ ಕೂತು, ಆಡುತ್ತಿರುವವರು ಯಾರ್‍ಯಾರು ಅಂತ ಗುರುತಿಸಿ ಹೇಳುತ್ತಿದ್ದ. ಕೋಚ್ ಡಾನಾ ಬೈಬಲ್ ಅವನನ್ನು ಕೆಳಗೆ ಕರೆಸಿದರು. ಅವನು ಸ್ಟ್ಯಾಂಡಿನ ಕೆಳಗೆ ಹೋಗಿ ಗಾಯಗೊಂಡವನ ಅಂಗಿ ಚಡ್ಡಿ ಹಾಕಿಕೊಂಡು ಬಂದು ಗೆರೆಯ ಪಕ್ಕ ನಿಂತ. ಪಂದ್ಯ ಮುಗಿಯುವವರೆಗೂ ನಿಂತೇ ಇದ್ದ. ಅಷ್ಟೇ. ನಿಂತದ್ದೇ ದೊಡ್ಡದು ಅಂತ ಇಂದಿಗೂ ಅಲ್ಲಿನ ವಿದ್ಯಾರ್ಥಿಗಳು ಪಂದ್ಯದುದ್ದಕ್ಕೂ ಕೂರದೆ ನಿಂತೇ ನೋಡುತ್ತಾರೆ.

ಇನ್ನು ತಕರಾರು. ಎ ಆ್ಯಂಡ್ ಎಂ 22–14ರಿಂದ ಗೆದ್ದಿತು ಅಂತ ಬರೆದಿದ್ದೀರಿ, ಸರಿ. ಯಾರ ಮೇಲೆ? ‘ಕೆಂಟಕಿಯ ಒಂದು ಸಣ್ಣ ಕಾಲೇಜಿನ ಮೇಲೆ’ ಅಂದು ಮುಗಿಸಿದ್ದೀರಿ. ಆ ಸಣ್ಣ ಕಾಲೇಜಿಗೆ ಹೆಸರಿದೆ ಸ್ವಾಮಿ. ಸೆಂಟರ್ ಕಾಲೇಜ್. ಅದರ ಕೋಚ್‌ಗೂ ಹೆಸರಿದೆ, ಚಾರ್ಲಿ ಮೊರಾನ್. ಅವರನ್ನು ಬಿಟ್ಟು ಈ ಕಥೆ ಹೇಳಿದರೆ ಅರ್ಧ ಮಾತ್ರ ಹೇಳಿದ ಹಾಗೆ.

ನಾನು ಯಾರು ಇದನ್ನೆಲ್ಲ ಹೇಳೋದಕ್ಕೆ ಅಂತ ತಾವು ಕೇಳಬಹುದು. ಮೂವತ್ತೊಂದು ವರ್ಷ ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಕಬಡ್ಡಿ, ಖೊ-ಖೊ ಕಲಿಸಿದ್ದೇನೆ. ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ಅಂಪೈರ್ ಆಗಿ ಬೈಸಿಕೊಂಡಿದ್ದೇನೆ. ಅಳಿಯ ಬಿಡದಿಯ ಟೊಯೋಟಾದಲ್ಲಿದ್ದವನು, ಈಗ ಕೆಂಟಕಿಯ ಜಾರ್ಜ್‌ಟೌನ್ ಕಾರ್ಖಾನೆಯಲ್ಲಿದ್ದಾನೆ. ಮಗಳ ಮನೆ ಲೆಕ್ಸಿಂಗ್ಟನ್‌ನಲ್ಲಿ. ನಾನೂ ನಮ್ಮ ಮನೆಯವರೂ ಆರು ತಿಂಗಳು ಅಲ್ಲಿದ್ದೆವು. ಟಿವಿಯಲ್ಲಿ ಆ ಮೊಟ್ಟೆ ಆಕಾರದ ಚೆಂಡಿನ ಆಟ ನೋಡಿ ನೋಡಿ ಮೊದಲು ತಲೆನೋವು ಬಂತು, ಆಮೇಲೆ ಹುಚ್ಚು ಹಿಡಿಯಿತು. ನಾಲ್ಕು ಸಲದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಹೋಗದಿದ್ದರೆ ಚೆಂಡು ಎದುರಿನವರಿಗೆ. ಗಡಿ ದಾಟಿಸಿದರೆ ಆರು ಅಂಕ. ಆಮೇಲೆ ಒದ್ದು ಕಂಬದ ನಡುವೆ ಕಳಿಸಿದರೆ ಇನ್ನೊಂದು. ಇಷ್ಟು ಗೊತ್ತಾದರೆ ಸಾಕು, ಉಳಿದದ್ದು ಕಬಡ್ಡಿಯ ಹಾಗೇ. ಹಿಡಿಯೋದು, ಬಿಡಿಸಿಕೊಳ್ಳೋದು, ಗೆರೆ ಮುಟ್ಟೋದು.

ಲೆಕ್ಸಿಂಗ್ಟನ್‌ನಿಂದ ಒಂದು ತಾಸಿನೊಳಗೆ ಡ್ಯಾನ್‌ವಿಲ್ ಸಿಗುತ್ತದೆ. ಸಣ್ಣ ಊರು. ಸೆಂಟರ್ ಕಾಲೇಜ್ ಇರುವುದು ಅಲ್ಲೇ. 1819ರಲ್ಲಿ ಶುರುವಾದದ್ದು. ಕೆಂಟಕಿಯ ನಡುಮಧ್ಯದಲ್ಲಿದೆ ಅಂತ ಆ ಹೆಸರು. ಒಂದು ಶನಿವಾರ ಅಳಿಯ ಕರೆದುಕೊಂಡು ಹೋದ. ಕಾಲೇಜಿನ ಆವರಣದಲ್ಲಿ ಮೊದಲು ಅಂಚೆ ಕಚೇರಿಯಾಗಿದ್ದ ಹಳೇ ಇಟ್ಟಿಗೆ ಕಟ್ಟಡ ಒಂದಿದೆ. ಅದರ ಗೋಡೆ ಮೇಲೆ ಬಣ್ಣದಲ್ಲಿ ಸಿ 6, ಎಚ್ 0 ಅಂತ ಬರೆದಿದೆ. ಮೊಮ್ಮಗಳು ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಓದುತ್ತಾಳೆ. ನೋಡಿದವಳೇ, “ತಾತ, ಇಂಥ ಫಾರ್ಮುಲಾನೇ ಇಲ್ಲ. ಆರು ಕಾರ್ಬನ್ನಿಗೆ ಆರು ಹೈಡ್ರೋಜನ್ ಇದ್ರೆ ಬೆಂಜೀನ್. ಸೊನ್ನೆ ಹೈಡ್ರೋಜನ್ ಯಾಕೆ ಬರೀತಾರೆ?” ಅಂದಳು. ನಿಜ, ಅದು ಕೆಮಿಸ್ಟ್ರಿ ಅಲ್ಲ. ಸ್ಕೋರು. ಸೆಂಟರ್ ಆರು, ಹಾರ್ವರ್ಡ್ ಸೊನ್ನೆ. 1921ರ ಅಕ್ಟೋಬರ್ 29ರದ್ದು. ಆಗ ಹುಡುಗರು ಊರಿನ ಗೋಡೆಗಳ ತುಂಬಾ ಇದನ್ನೇ ಬಳಿದಿದ್ದರಂತೆ. ಅದರಲ್ಲಿ ಉಳಿದದ್ದು ಇದು.

ಆ ಗೋಡೆ ಮುಂದೆ ನಿಂತ ಮೇಲೇ ನಾನು ಮೊರಾನ್ ಬಗ್ಗೆ ಹುಡುಕಿದ್ದು. ಸಂಜೆ ಹೊತ್ತು ಮಗಳ ಲ್ಯಾಪ್‌ಟಾಪ್ ಮುಂದೆ ಕೂತರೆ ಊಟಕ್ಕೆ ಏಳುತ್ತಿರಲಿಲ್ಲ ಅಂತ ಮನೆಯವರು ಈಗಲೂ ಆಡಿಕೊಳ್ಳುತ್ತಾರೆ.

ಮೊರಾನ್ ಹುಟ್ಟಿದ್ದು 1878ರಲ್ಲಿ, ಟೆನ್ನೆಸ್ಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ. ಬೇಸ್‌ಬಾಲ್, ಫುಟ್‌ಬಾಲ್ ಎರಡೂ ಆಡಿದವರು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ 1903ರಲ್ಲಿ, ಮತ್ತೆ 1908ರಲ್ಲಿ ಕೆಲವು ಪಂದ್ಯ ಆಡಿದ್ದರು. ದೊಡ್ಡ ಆಟಗಾರ ಏನಲ್ಲ. 1909ರಲ್ಲಿ ಕೋಚ್ ಆಗಿ ಹೋದದ್ದು ಎಲ್ಲಿಗೆ ಗೊತ್ತಾ? ಇದೇ ಟೆಕ್ಸಸ್ ಎ ಆ್ಯಂಡ್ ಎಂಗೆ. ತಮ್ಮ ಬರಹದಲ್ಲಿ ಬಿಟ್ಟುಹೋದದ್ದು ಇದೇ.

ಅಲ್ಲಿ ಆರು ಋತು. 38 ಗೆಲುವು, 8 ಸೋಲು, 4 ಸಮ. ಅಲ್ಲಿಗೆ ಹೋದ ಮೊದಲ ವರ್ಷವೇ ಪರಮ ಎದುರಾಳಿ ಟೆಕ್ಸಸ್ ವಿಶ್ವವಿದ್ಯಾಲಯದ ತಂಡವನ್ನು ಒಂದೇ ಋತುವಿನಲ್ಲಿ ಎರಡು ಸಲ ಸೋಲಿಸಿದರು. ಅವರ ಹುಡುಗರ ಆಟ ಒರಟು ಅಂತ ದೂರು ಬಂತು. ಸೇರಿಸಬಾರದವರನ್ನು ತಂಡಕ್ಕೆ ಸೇರಿಸುತ್ತಾರೆ ಅಂತಲೂ ಬಂತು. ಎರಡೂ ಕಡೆಯ ಜಗಳ ಎಲ್ಲಿಗೆ ಹೋಯಿತು ಅಂದರೆ 1911ರ ಪಂದ್ಯದ ನಂತರ ಮಾತುಕತೆಯೇ ನಿಂತಿತು. ಮತ್ತೆ ಆ ಎರಡು ತಂಡ ಎದುರುಬದುರು ಆಡಿದ್ದು 1915ರಲ್ಲಿ, ಅಂದರೆ ಮೊರಾನ್ ಅಲ್ಲಿಂದ ಹೋದ ಮೇಲೆ. ನಾನು ಅವರನ್ನು ದೇವರು ಮಾಡಲು ಹೊರಟಿಲ್ಲ. ತಾಲ್ಲೂಕು ಮಟ್ಟದಲ್ಲಿ ಮೀಸೆ ಬಂದ ಹುಡುಗನನ್ನು ಹದಿನಾಲ್ಕರೊಳಗಿನ ತಂಡದಲ್ಲಿ ನಿಲ್ಲಿಸೋ ಮೇಷ್ಟ್ರುಗಳನ್ನು ನಾನೂ ಕಂಡಿದ್ದೇನೆ. ದೂರಿನಲ್ಲಿ ಸ್ವಲ್ಪ ಹುರುಳು ಇದ್ದೇ ಇರುತ್ತದೆ.

ಸೆಂಟರ್ ಕಾಲೇಜಿಗೆ ಅವರನ್ನು ತಂದದ್ದು ಇನ್ನೊಬ್ಬ ಕೋಚ್. ನನಗೆ ತುಂಬಾ ಹಿಡಿಸಿದ ಭಾಗ ಇದು. ರಾಬರ್ಟ್ ಮೈಯರ್ಸ್ ಅಂತ, ‘ಚೀಫ್’ ಅಂತ ಕರೆಯುತ್ತಿದ್ದರು. ಸೆಂಟರ್‌ನಲ್ಲೇ ಓದಿದವರು. ಟೆಕ್ಸಸ್‌ನ ಫೋರ್ಟ್ ವರ್ತ್ ಊರಿನ ಒಂದು ಹೈಸ್ಕೂಲಿನಲ್ಲಿ ಹುಡುಗರಿಗೆ ಆಟ ಕಲಿಸುತ್ತಿದ್ದರು. ತಾನು ಬೆಳೆಸಿದ ಹುಡುಗರನ್ನೇ ತನ್ನ ಹಳೇ ಕಾಲೇಜಿಗೆ ಕರೆತಂದರು. ಅದರಲ್ಲಿ ಬೋ ಮೆಕ್‌ಮಿಲಿನ್, ರೆಡ್ ವೀವರ್ ಇಬ್ಬರೂ ಇದ್ದರು. ಕಾಲೇಜು ಸೇರುವಷ್ಟು ಓದು ಇರಲಿಲ್ಲ ಅಂತ ಅವರಿಬ್ಬರನ್ನು ಮೊದಲು ಕೆಂಟಕಿಯ ಸಾಮರ್‌ಸೆಟ್ ಹೈಸ್ಕೂಲಿಗೆ ಕಳಿಸಿದ್ದೂ ಆಯಿತು. ಆಮೇಲೆ ಮೈಯರ್ಸ್‌ಗೆ ತಿಳಿಯಿತು, ಈ ಹುಡುಗರನ್ನು ಮುಂದಕ್ಕೆ ಒಯ್ಯುವುದು ನನ್ನ ಕೈಲಾಗಲ್ಲ ಅಂತ. ಅದೇ ತಂಡದಲ್ಲಿ ಮೊರಾನ್‌ರ ಮಗ ಟಾಮ್ ಇದ್ದ. ಅಪ್ಪನಿಗೇ ತಂಡ ಒಪ್ಪಿಸಿ ಮೈಯರ್ಸ್ ಪಕ್ಕಕ್ಕೆ ಸರಿದು ಕ್ರೀಡಾ ವಿಭಾಗ ನೋಡಿಕೊಂಡರು. ನನ್ನ ಇಡೀ ನೌಕರಿಯಲ್ಲಿ ಹೀಗೆ ತಾನಾಗಿ ಸರಿದ ಒಬ್ಬ ಮೇಷ್ಟ್ರನ್ನೂ ನೋಡಲಿಲ್ಲ. ನಾನೂ ಸರಿದವನಲ್ಲ.

ಮೊರಾನ್‌ಗೆ ಬೇಸಿಗೆಯಲ್ಲಿ ಬೇರೆ ಕೆಲಸ. ಬೇಸ್‌ಬಾಲ್‌ನ ನ್ಯಾಷನಲ್ ಲೀಗ್‌ನಲ್ಲಿ ಅಂಪೈರ್! ಸೆಪ್ಟೆಂಬರ್ ಕೊನೆವರೆಗೆ ದೊಡ್ಡ ದೊಡ್ಡ ಊರುಗಳಲ್ಲಿ ಮುಖಕ್ಕೆ ಜಾಲರಿ ಕಟ್ಟಿಕೊಂಡು ತೀರ್ಪು ಕೊಡೋದು. ಚಳಿ ಶುರುವಾದರೆ ಮುನ್ನೂರು ವಿದ್ಯಾರ್ಥಿಗಳೂ ಇಲ್ಲದ ಒಂದು ಕಾಲೇಜಿನ ಮೈದಾನ. ಹುಡುಗರು ‘ಅಂಕಲ್ ಚಾರ್ಲಿ’ ಅಂತ ಕರೆಯುತ್ತಿದ್ದರು. ಒಬ್ಬನೇ ಮನುಷ್ಯ ವರ್ಷದಲ್ಲಿ ಅರ್ಧ ಅಂಪೈರ್, ಅರ್ಧ ಕೋಚ್. ಅಂಪೈರ್ ಆಗಿದ್ದಾಗ ಕೋಚ್‌ಗಳ ಬೈಗುಳ ಕೇಳಬೇಕು. ಕೋಚ್ ಆದಾಗ ಅಂಪೈರ್‌ಗೆ ಬೈಯಬೇಕು. ಎರಡನ್ನೂ ಮಾಡಿದ ನನಗೆ ಇದನ್ನು ಓದಿ ನಗು ತಡೆಯಲಾಗಲಿಲ್ಲ.

1919ರಲ್ಲಿ ಸೆಂಟರ್ ಆಡಿದ ಒಂಬತ್ತೂ ಪಂದ್ಯ ಗೆದ್ದಿತು. ಪ್ರಿನ್ಸ್‌ಟನ್‌ನಂಥ ಪ್ರಿನ್ಸ್‌ಟನ್ನನ್ನು ಸೋಲಿಸಿ ಬಂದಿದ್ದ ವೆಸ್ಟ್ ವರ್ಜೀನಿಯಾ ತಂಡವನ್ನೂ 14–6ರಲ್ಲಿ ಮಣಿಸಿದರು. ಅಮೆರಿಕನ್ ಫುಟ್‌ಬಾಲ್‌ನ ಪಿತಾಮಹ ಅನ್ನಿಸಿಕೊಂಡ ವಾಲ್ಟರ್ ಕ್ಯಾಂಪ್ ವರ್ಷದ ಕೊನೆಗೆ ದೇಶದ ಹನ್ನೊಂದು ಜನ ಉತ್ತಮ ಆಟಗಾರರ ಪಟ್ಟಿ ಮಾಡುತ್ತಿದ್ದರು. ಅದರಲ್ಲಿ ಮೆಕ್‌ಮಿಲಿನ್, ವೀವರ್ ಇಬ್ಬರೂ ಸೇರಿದರು. ಪಂದ್ಯಕ್ಕೆ ಮುಂಚೆ ಮಂಡಿಯೂರಿ ಪ್ರಾರ್ಥನೆ ಮಾಡುವ ಹುಡುಗರು ಅಂತ ಪತ್ರಿಕೆಗಳು ‘ಪ್ರೇಯಿಂಗ್ ಕರ್ನಲ್ಸ್’ ಎಂಬ ಹೆಸರಿಟ್ಟವು. ಅದು ಎಲ್ಲ ಕಡೆ ಓಡಿತು. ತಂಡದಲ್ಲಿ ಇದ್ದವರೆಲ್ಲ ಬಿಳಿಯರು ಅನ್ನೋದನ್ನೂ ಹೇಳಲೇಬೇಕು. ಬಿಳಿ, ಕಪ್ಪು ಮಕ್ಕಳು ಒಂದೇ ಶಾಲೆಯಲ್ಲಿ ಕೂತು ಓದಬಾರದು ಅಂತ 1904ರಲ್ಲೇ ಕೆಂಟಕಿ ಕಾನೂನು ಮಾಡಿತ್ತು. ಇನ್ನು ಮೈದಾನದ ಮಾತೆಲ್ಲಿ.

ಆ ವರ್ಷ ಗಳಿಸಿದ ಹೆಸರಿನಿಂದಲೇ ಹಾರ್ವರ್ಡ್ ಸೆಂಟರ್ ಹುಡುಗರನ್ನು ಆಡಲು ಕರೆದದ್ದು. 1920ರ ಅಕ್ಟೋಬರ್‌ನಲ್ಲಿ ಮೊದಲ ಸಲ ಬಾಸ್ಟನ್‌ಗೆ ಹೋದರು. ಅರ್ಧ ಆಟಕ್ಕೆ 14–14. ಮುಗಿಯುವ ಹೊತ್ತಿಗೆ 31–14, ಸೋತರು. ಆದರೂ ಚೆನ್ನಾಗಿ ಆಡಿದಿರಿ ಅಂತ ಹಾರ್ವರ್ಡ್ ನಾಯಕ ಪಂದ್ಯದ ಚೆಂಡನ್ನು ಮೆಕ್‌ಮಿಲಿನ್‌ಗೆ ಕೊಡಲು ಬಂದನಂತೆ. ಬೇಡ, ಮುಂದಿನ ವರ್ಷ ಬಂದು ಗೆದ್ದೇ ತಗೊಂಡು ಹೋಗ್ತೀವಿ ಅಂತ ಇವನು ವಾಪಸ್ ಕೊಟ್ಟನಂತೆ.

ಮುಂದಿನ ವರ್ಷ ಹೋದರು. ಹಾರ್ವರ್ಡ್ 1919ರಿಂದ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಮೈದಾನದಲ್ಲಿ ಸುಮಾರು 45,000 ಜನ. ಮೊದಲರ್ಧ ಎರಡೂ ಕಡೆ ಸೊನ್ನೆ. ಮೂರನೇ ಕಾಲುಭಾಗ ಶುರುವಾದ ಸ್ವಲ್ಪ ಹೊತ್ತಿಗೆ ಹಾರ್ವರ್ಡ್ ಒಂದು ತಪ್ಪು ಮಾಡಿ ದಂಡ ತೆತ್ತಿತು. ಚೆಂಡು ಗಡಿಯಿಂದ 32 ಗಜ ದೂರಕ್ಕೆ ಬಂತು. ಕ್ರಿಕೆಟ್ ಪಿಚ್ 22 ಗಜ, ಅದಕ್ಕೆ ಇನ್ನೂ ಹತ್ತು ಸೇರಿಸಿ ನೋಡಿ. ಮೆಕ್‌ಮಿಲಿನ್ ಚೆಂಡು ಹಿಡಿದು ಬಲಗಡೆ ಓಡಿದ. ಹಾರ್ವರ್ಡ್‌ನವರೆಲ್ಲ ಅದೇ ಕಡೆ ನುಗ್ಗಿದರು. ಇವನು ತಟ್ಟನೆ ಓಟ ಮುರಿದು ಒಳಗೆ ತಿರುಗಿದ.

ಕಬಡ್ಡಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೇಡರ್ ಓಡುತ್ತಾ ಓಡುತ್ತಾ ಒಂದು ಹೆಜ್ಜೆ ಸುಮ್ನೆ ನಿಲ್ಲುತ್ತಾನಲ್ಲ, ಅದು. ಹಿಡಿಯಲು ಬಂದವನ ಮೈಭಾರ ಆಗಲೇ ಮುಂದಕ್ಕೆ ಹೋಗಿರುತ್ತದೆ. ಕಾಲು ಬ್ರೇಕ್ ಹಾಕಿದರೂ ಸೊಂಟ ಕೇಳಲ್ಲ. ಆ ಅರ್ಧ ಕ್ಷಣ ಸಾಕು. ಬಲಕ್ಕೆ ಹೋದವರು ಬಲಕ್ಕೇ ಹೋದರು, ಮೆಕ್‌ಮಿಲಿನ್ ಅವರ ಬೆನ್ನ ಹಿಂದಿನಿಂದ ಗಡಿ ದಾಟಿದ. ಆಮೇಲಿನ ಒಂದು ಅಂಕದ ಒದೆತ ತಪ್ಪಿತು. ಆರೇ ಉಳಿಯಿತು. ಆರೇ ಸಾಕಾಯಿತು. ಆ ಕಾಲದಲ್ಲಿ ತಲೆಗೆ ಚರ್ಮದ ಟೋಪಿ, ಅದೂ ಬೇಕಿದ್ದವರಿಗೆ.

ತಾನೀಗ ಕೆಂಟಕಿಯ ಗವರ್ನರ್ ಆಗಿರುವುದಕ್ಕಿಂತ ಬೋ ಮೆಕ್‌ಮಿಲಿನ್ ಆಗಿರುವುದೇ ಮೇಲು ಅಂತ ಅಂದಿನ ಗವರ್ನರ್ ಎಡ್ವಿನ್ ಮಾರೋ ಹೇಳಿದರು. ಅರ್ಧ ಶತಮಾನದಲ್ಲೇ ಕ್ರೀಡೆಯ ಅತಿ ದೊಡ್ಡ ಅಚ್ಚರಿಯ ಫಲಿತಾಂಶ ಅಂತ 1950ರಲ್ಲಿ ಎಪಿ ಸುದ್ದಿಸಂಸ್ಥೆ ಇದನ್ನೇ ಆರಿಸಿತು. ಎಲ್ಲೆಡೆ ಮೆಕ್‌ಮಿಲಿನ್ ಹೆಸರು. ಇರಲಿ, ಓಡಿದವನು ಅವನೇ. ಆದರೆ ಹಿಂದಿನ ವರ್ಷ ಅರ್ಧ ಆಟಕ್ಕೆ ಸಮ ಇದ್ದು ಆಮೇಲೆ ಸುಸ್ತಾಗಿ ಬಿದ್ದ ಹುಡುಗರು, ಈ ವರ್ಷ ಕೊನೇ ಸೀಟಿವರೆಗೂ ಹಾರ್ವರ್ಡ್‌ಗೆ ಒಂದು ಅಂಕ ಬಿಡಲಿಲ್ಲ. ಅದು ಓಟಗಾರನ ಕೆಲಸ ಅಲ್ಲ. ಅದು ಮೇಷ್ಟ್ರ ಕೆಲಸ. ಯಾರು ಏನೇ ಹೇಳಲಿ, ನನ್ನ ಲೆಕ್ಕ ಇದು.

ಈಗ ತಮ್ಮ ಡಲ್ಲಾಸ್ ಪಂದ್ಯಕ್ಕೆ ಬರೋಣ. ಅಲ್ಲಿಗೆ ಬರುವಾಗ ಸೆಂಟರ್ ಆ ಋತುವಿನ ಹತ್ತು ಪಂದ್ಯ ಆಡಿ ಹತ್ತೂ ಗೆದ್ದಿತ್ತು. ಡಿಸೆಂಬರ್ 26ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಡೀಗೊದಲ್ಲಿ ಅರಿಝೋನಾ ತಂಡವನ್ನು 38–0ಯಲ್ಲಿ ಸೋಲಿಸಿ, ಅಲ್ಲಿಂದ ಟೆಕ್ಸಸ್‌ಗೆ ಬಂದಿದ್ದರು. ನಡುವೆ ಒಂದೇ ವಾರ. ಮೆಕ್‌ಮಿಲಿನ್ ಪಂದ್ಯದ ದಿನ ಬೆಳಿಗ್ಗೆ ಫೋರ್ಟ್ ವರ್ತ್‌ನಲ್ಲಿ ಮದುವೆ ಮಾಡಿಕೊಂಡು ಡಲ್ಲಾಸ್‌ಗೆ ಬಂದು ಆಡಿದ. (ನನ್ನ ತಂಡದ ಹುಡುಗ ಹೀಗೆ ಮಾಡಿದ್ದರೆ ಊಟಕ್ಕೆ ಹೋಗಿ ಆಶೀರ್ವಾದ ಮಾಡಿ, ಮೈದಾನದಲ್ಲಿ ಮಾತ್ರ ಪಕ್ಕಕ್ಕೆ ಕೂರಿಸುತ್ತಿದ್ದೆ.) ಎದುರಿಗೆ ಎ ಆ್ಯಂಡ್ ಎಂ. ಮೊರಾನ್ ಆರು ವರ್ಷ ಬೆವರು ಸುರಿಸಿದ ಕಾಲೇಜು. ಆಡುತ್ತಿದ್ದ ಹುಡುಗರು ಯಾರೂ ಅವರ ಕೈಯಲ್ಲಿ ಬೆಳೆದವರಲ್ಲ, ಏಳು ವರ್ಷ ಕಳೆದಿತ್ತು. ಆದರೆ ನೋಡಲು ಬಂದವರಲ್ಲಿ ಅವರ ಹೆಸರು ಕೂಗಿದ್ದ ಹಳಬರು ಇದ್ದೇ ಇರಬೇಕು.

ಇದು ನನಗೆ ಯಾಕೆ ಇಷ್ಟು ತಾಗಿತು ಅಂದರೆ, ನನಗೂ ಆಗಿದೆ. 1998ರಲ್ಲಿ ಒಂಬತ್ತು ವರ್ಷ ಇದ್ದ ಶಾಲೆಯಿಂದ ವರ್ಗ ಆಯಿತು. ಮೂರೇ ತಿಂಗಳಿಗೆ ತಾಲ್ಲೂಕು ಮಟ್ಟದ ಕಬಡ್ಡಿ ಫೈನಲ್. ಒಂದು ಕಡೆ ನನ್ನ ಹೊಸ ಶಾಲೆ, ಇನ್ನೊಂದು ಕಡೆ ಹಳೇದು. ಹಳೇ ಶಾಲೆಯ ರೇಡರ್ ಒಬ್ಬ ಎಡಗಾಲು ಮುಂದಿಟ್ಟು ಬಲಗೈಯಲ್ಲಿ ಮುಟ್ಟುತ್ತಿದ್ದ. ಕಲಿಸಿದವನು ನಾನೇ. ಹೊಸ ಹುಡುಗರಿಗೆ ಹಿಂದಿನ ದಿನ ಸಂಜೆ ಹತ್ತು ಸಲ ಹೇಳಿದ್ದೆ, ಅವನ ಎಡಗಾಲು ನೋಡಬೇಡ್ರೋ, ಕೈ ನೋಡ್ರೋ ಅಂತ. ಆರು ಸಲ ಎಡಗಾಲೇ ನೋಡಿದರು. ಸೋತೆವು. ಪಂದ್ಯ ಮುಗಿದ ಮೇಲೆ ಆ ಹುಡುಗ ಬಂದು ನನ್ನ ಕಾಲು ಮುಟ್ಟಿದ. ಅವನ ಬೆನ್ನು ತಟ್ಟಿದೆ. ಅದನ್ನು ನೋಡಿದ ಹೊಸ ಊರಿನ ಹಿರಿಯರೊಬ್ಬರು, “ಮೇಷ್ಟ್ರು ಇನ್ನೂ ಆ ಕಡೆಯೋರೇ” ಅಂದರು. ಆ ಮಾತು ಕಿವಿಯಿಂದ ಹೋಗಲು ಎರಡು ವರ್ಷ ಬೇಕಾಯಿತು. ಹೋಯಿತು ಅಂತ ಅಂದುಕೊಂಡಿದ್ದೆ, ಡ್ಯಾನ್‌ವಿಲ್‌ನಿಂದ ಬಂದ ಮೇಲೆ ಮತ್ತೆ ಬಂತು.

ಸೆಂಟರ್‌ನಲ್ಲಿ ಮೊರಾನ್ 1923ರವರೆಗೆ ಇದ್ದರು. 1919ರಿಂದ ಲೆಕ್ಕ ಹಾಕಿದರೆ 42 ಗೆಲುವು, 6 ಸೋಲು, 1 ಸಮ. ಆಮೇಲೆ ಪೆನ್ಸಿಲ್ವೇನಿಯಾದ ಬಕ್ನೆಲ್‌ನಲ್ಲಿ ಮೂರು ವರ್ಷ, 1930ರ ದಶಕದ ಶುರುವಿನಲ್ಲಿ ನಾರ್ತ್ ಕೆರೊಲಿನಾದ ಕಟಾಬಾ ಕಾಲೇಜಿನಲ್ಲಿ ನಾಲ್ಕು. ಎಲ್ಲವೂ ಸಣ್ಣವೇ. ಅಂಪೈರ್ ಕೆಲಸ ಮಾತ್ರ 1939ರವರೆಗೆ ಬಿಡಲಿಲ್ಲ. ವರ್ಲ್ಡ್ ಸೀರೀಸ್ ಅನ್ನುವ ಅವರ ಅತಿ ದೊಡ್ಡ ಬೇಸ್‌ಬಾಲ್ ಸರಣಿಯಲ್ಲಿ ನಾಲ್ಕು ಸಲ ಅಂಪೈರ್ ಆಗಿದ್ದರು, 1927, 1929, 1933, 1938. ಮೆಕ್‌ಮಿಲಿನ್ ತಾನೂ ಕೋಚ್ ಆದ. 1945ರಲ್ಲಿ ಇಂಡಿಯಾನಾ ತಂಡವನ್ನು ಒಂದೂ ಸೋಲಿಲ್ಲದೆ ಬಿಗ್ ಟೆನ್ ಅನ್ನುವ ಕಾಲೇಜು ಲೀಗಿನ ಚಾಂಪಿಯನ್ ಮಾಡಿದ.

ಮೊರಾನ್ ತೀರಿಕೊಂಡಿದ್ದು 1949ರಲ್ಲಿ, ಕೆಂಟಕಿಯ ಹಾರ್ಸ್ ಕೇವ್ ಊರಿನಲ್ಲಿ. ಮ್ಯಾಮತ್ ಗುಹೆ ನೋಡಲು ಹೋದಾಗ ಆ ಊರಲ್ಲಿ ಗಾಡಿ ನಿಲ್ಲಿಸಿ ಕಾಫಿ ಕುಡಿದೆವು. ಪೇಟೆ ಬೀದಿಯಲ್ಲೇ ಒಂದು ದೊಡ್ಡ ಗುಹೆಯ ಬಾಯಿ ಇದೆ. ಪಕ್ಕದಲ್ಲಿ ನಿಂತರೆ ಬೇಸಿಗೆಯಲ್ಲೂ ತಣ್ಣನೆ ಗಾಳಿ ಕಾಲಿಗೆ ಬಡಿಯುತ್ತದೆ. ಕಾಫಿ ಅಂಗಡಿಯ ಹುಡುಗನಿಗೆ ಚಾರ್ಲಿ ಮೊರಾನ್ ಗೊತ್ತಾ ಅಂತ ಅಳಿಯನ ಕೈಲಿ ಕೇಳಿಸಿದೆ. ಹುಡುಗ ತಲೆ ಅಲ್ಲಾಡಿಸಿದ, ಇನ್ನೊಂದು ಬಿಸ್ಕತ್ತು ಬೇಕಾ ಅಂದ.

ಮುಂದೆ ಯಾವಾಗಲಾದರೂ ‘ಹನ್ನೆರಡನೇ ಆಟಗಾರ’ನ ಬರಹ ಮತ್ತೆ ಹಾಕಿದರೆ, ಎದುರು ಬದಿಯ ಕೋಚ್ ಹೆಸರನ್ನು ಒಂದು ಸಾಲಿನಲ್ಲಾದರೂ ಸೇರಿಸಬೇಕಾಗಿ ವಿನಂತಿ. ಆ ಗೋಡೆಯ ಫೋಟೊ ಜೊತೆಗೆ ಇಟ್ಟಿದ್ದೇನೆ. ಜಾಗ ಇದ್ದರೆ ಹಾಕಿ. ಎಡಮೂಲೆಯಲ್ಲಿ ಕಾಣುವ ಛತ್ರಿ ನಮ್ಮ ಮನೆಯವರದು, ಅದನ್ನು ಕತ್ತರಿಸಿದರೂ ಪರವಾಗಿಲ್ಲ, ಅವರೇ ಹೇಳಿದ್ದಾರೆ.

ತಮ್ಮ ವಿಶ್ವಾಸಿ,
ನಿವೃತ್ತ ಪಿ.ಟಿ. ಮೇಷ್ಟ್ರು
ಅರಸೀಕೆರೆ